ಹೊಲಿಗೆ ಕಾಣದ ಅರಿವೆ

ಕಡಲಲ್ಲಿ ಮಿಂದವರು ಸುತ್ತಿಕೊಳ್ಳುವ ಹತ್ತಿಯ ಅರಿವೆಗೆ ‘ಪರೆಯೊ’ ಎನ್ನುತ್ತಾರೆ. ತಾಹಿತಿ ದ್ವೀಪದ ಮಾತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ನಮಗೆ ಕಡಲು ದೂರ. ಆದರೆ ಹೊಲಿಗೆ ಕಾಣದ ಅರಿವೆ ಹೊಸದಲ್ಲ: ಧೋತರ, ರುಮಾಲು, ಸೀರೆ, ಎಲ್ಲವೂ ಉಟ್ಟವರ ಮೈಗೆ ತಾವೇ ಅಳತೆಯಾಗುವಂಥವು.

ಕಡಲಿಗೂ ನಮಗೂ ಹತ್ತಿಯ ನಂಟುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ, ವಿಜಾಪುರ ಸೀಮೆಗಳ ಹತ್ತಿ ಘಟ್ಟವಿಳಿದು ಕುಮಟೆಯ ಬಂದರಿನಿಂದ ಮುಂಬಯಿಗೆ ಸಾಗುತ್ತಿತ್ತು. 1861-65ರ ಅಮೆರಿಕದ ಅಂತರ್ಯುದ್ಧದಲ್ಲಿ ಅಲ್ಲಿಯ ಹತ್ತಿ ನಿಂತಾಗ ಇದರ ಬೆಲೆ ಏರಿತು. ಪೇಟೆ ಇದಕ್ಕಿಟ್ಟ ಹೆಸರು ‘ಕುಮಟಾ’. ಹಡಗೇರಿಸಿದ ಊರಿನ ಹೆಸರು ಉಳಿಯಿತು. ಬೆಳೆದ ಎರೆಹೊಲದ್ದು ಮರೆಯಾಯಿತು.

ಆದ್ದರಿಂದ ಅರಿವೆಯನ್ನು ಹೆಸರು ನೋಡಿ ಆರಿಸಬಾರದು. ಬೆಳಕಿಗೆ ಹಿಡಿದು ನೇಯ್ಗೆಯನ್ನು ನೋಡಬೇಕು. ಗಂಜಿಯ ಬಿರುಸು ಹೊಸತರಲ್ಲಿ ಮೋಸ ಮಾಡುತ್ತದೆ. ನಾಲ್ಕು ಸಲ ಒಗೆದ ಮೇಲೆ ಮೆತ್ತಗಾಗಿ ನೀರು ಹೀರುವುದೇ ನಿಜವಾದ ಹತ್ತಿ.