ಓರೆಹಲಗೆ ಕಲಿಸಿದ ಪಾಠ

ಮೊಳೆ ಹೊಡೆಯುವ ಮೊದಲು ಅದನ್ನು ತಲೆಕೆಳಗಾಗಿ ಹಿಡಿದು, ಮೊನೆಗೆ ಸುತ್ತಿಗೆಯಿಂದ ಒಂದು ಸಣ್ಣ ಏಟು ಕೊಡಬೇಕು. ಮೊನೆ ಮೊಂಡಾದರೆ ಹಲಗೆ ಅಷ್ಟು ಸುಲಭವಾಗಿ ಬಿರಿಯುವುದಿಲ್ಲ. ಚೂಪು ಮೊನೆ ಮರದ ಎಳೆಗಳ ನಡುವೆ ಬೆಣೆಯ ಹಾಗೆ ನುಗ್ಗಿ ಅವನ್ನು ಅಗಲಿಸುತ್ತದೆ. ಮೊಂಡು ಮೊನೆ ಎಳೆಗಳನ್ನು ಜಜ್ಜಿ, ಮುರಿದು, ತನ್ನಷ್ಟೇ ಜಾಗ ಮಾಡಿಕೊಂಡು ಒಳಗೆ ಇಳಿಯುತ್ತದೆ. ಮೂವತ್ತು ವರ್ಷ ಪಾಲಿಟೆಕ್ನಿಕ್‌ನಲ್ಲಿ ಎಂಜಿನಿಯರಿಂಗ್ ಡ್ರಾಯಿಂಗ್ ಪಾಠ ಮಾಡಿದ ನನಗೆ ಇದು ಗೊತ್ತಾದದ್ದು ನಿವೃತ್ತಿಯಾದ ಮೇಲೆ, ಮೈಸೂರಿನ ನಮ್ಮ ಮನೆಯ ತಾರಸಿಯಲ್ಲಿ, ಎರಡು ಹಲಗೆಗಳ ತುದಿ ಸೀಳಿಹೋದ ಬಳಿಕ. ಎದುರುಮನೆಗೆ ಬಾಗಿಲು ಕೂರಿಸಲು ಬಂದಿದ್ದ ಆಚಾರ್ರು ಸದ್ದು ಕೇಳಿ ಮೇಲೆ ನೋಡಿದರು. "ಅಮ್ಮಾ, ಮೊನೆ ಮುರ್ಕೊಂಡು ಹೊಡೀರಿ, ಬಿರಿಯಲ್ಲ" ಅಂದರು. ಮೂರನೆಯ ಹಲಗೆ ಬಿರಿಯಲಿಲ್ಲ.

ನಾನು ಮಾಡುತ್ತಿದ್ದದ್ದು ಒಂದು ಮೇಜು. ಅದರ ನಕ್ಷೆ ಇಟಲಿಯ ಎಂಜೊ ಮಾರಿ ಎಂಬ ವಿನ್ಯಾಸಕಾರನದು. 2020ರ ಅಕ್ಟೋಬರ್ 19ರಂದು ಮಿಲಾನಿನಲ್ಲಿ ಅವನು ಕೋವಿಡ್‌ನಿಂದ ತೀರಿಕೊಂಡ. ಮರುದಿನವೇ ಅವನ ಹೆಂಡತಿ, ಕಲಾವಿಮರ್ಶಕಿ ಲೀಯಾ ವೆರ್ಜಿನೆ ಕೂಡ ಹೋದಳು. ಆ ಸುದ್ದಿ ಓದಿ ಮನಸ್ಸು ಭಾರವಾಗಿದ್ದಾಗಲೇ, ಇಟಲಿಯಲ್ಲಿ ಓದಿ ಬಂದಿದ್ದ ಅಣ್ಣನ ಮಗಳು ಅವನ ಪುಸ್ತಕ ತಂದು ಕೈಗಿತ್ತಳು. "ಅತ್ತೆ, ನಕ್ಷೆ ಓದೋದನ್ನ ಸಾವಿರ ಜನಕ್ಕೆ ಕಲಿಸಿದ್ದೀರಿ. ಒಂದನ್ನಾದ್ರೂ ಕಟ್ಟಿ ನೋಡಿ" ಅಂದಳು.

ಆ ಪುಸ್ತಕದ ಕತೆ ಹೀಗಿದೆ. ಮಾರಿ ಒಮ್ಮೆ ಕಡಿಮೆ ಬೆಲೆಗೆ ಸಿಗುವಂಥ, ಸೊಗಸಾದ ಸೋಫಾ-ಮಂಚವೊಂದನ್ನು ವಿನ್ಯಾಸ ಮಾಡಿದ್ದ. ಜನ ಅದನ್ನು ಕೊಳ್ಳಲಿಲ್ಲ. ಒಳ್ಳೆಯ ವಸ್ತು ಕೈಗೆಟುಕುವ ಬೆಲೆಗೆ ಬಂದರೂ ಜನ ಬೇರೆಯದನ್ನೇ ಆರಿಸಿಕೊಂಡರಲ್ಲ ಎಂಬ ಯೋಚನೆ ಅವನನ್ನು ಕಾಡಿತು. ಯಾವುದು ಗಟ್ಟಿ, ಯಾವುದು ಪೊಳ್ಳು, ಬೆಲೆ ಎಲ್ಲಿಂದ ಬರುತ್ತದೆ ಎಂಬುದು ಅಂಗಡಿಯಲ್ಲಿ ನಿಂತು ನೋಡಿದರೆ ತಿಳಿಯುವಂಥದ್ದಲ್ಲ, ಒಮ್ಮೆಯಾದರೂ ಕೈಯಾರೆ ಮಾಡಿದವನಿಗೆ ಅದು ತಾನಾಗಿ ತಿಳಿಯುತ್ತದೆ ಎಂಬ ತೀರ್ಮಾನಕ್ಕೆ ಬಂದ. 1974ರಲ್ಲಿ ಮಿಲಾನಿನ ಗ್ಯಾಲೇರಿಯಾ ಮಿಲಾನೊದಲ್ಲಿ 19 ಪೀಠೋಪಕರಣಗಳ ಪ್ರದರ್ಶನ ಇಟ್ಟ. ಮೇಜು, ಕುರ್ಚಿ, ಬೆಂಚು, ಮಂಚ, ಪುಸ್ತಕದ ಕಪಾಟು, ಬಟ್ಟೆಯ ಬೀರು, ಎಲ್ಲವೂ ಒರಟು ಹಲಗೆ ಮತ್ತು ಮೊಳೆಗಳಿಂದ ಆದವು. ಮರದ ಅಂಗಡಿಯಲ್ಲಿ ಯಾವ ಅಗಲದಲ್ಲಿ ಹಲಗೆ ಸಿಗುತ್ತದೋ ಅದೇ ಅಗಲ. ಉದ್ದುದ್ದ ಸೀಳುವ ಕೆಲಸವಿಲ್ಲ, ಅಳತೆಗೆ ಸರಿಯಾಗಿ ಅಡ್ಡ ಕೊಯ್ದರೆ ಸಾಕು. ಗರಗಸ, ಸುತ್ತಿಗೆ ಇದ್ದವರು ಯಾರಾದರೂ ಕಟ್ಟಬಹುದು.

ಅಂಚೆ ಖರ್ಚು ಕಳಿಸಿದವರಿಗೆಲ್ಲ ಅವನು ನಕ್ಷೆಗಳ ಪುಸ್ತಿಕೆ ಕಳಿಸಿಕೊಟ್ಟ. ಇಟ್ಟ ಷರತ್ತು ಒಂದೇ: ಕಾರ್ಖಾನೆಯವರು ಮತ್ತು ವ್ಯಾಪಾರಿಗಳನ್ನು ಬಿಟ್ಟು ಯಾರು ಬೇಕಾದರೂ ತಮ್ಮ ಕೈಯಿಂದ ಇವನ್ನು ಮಾಡಿಕೊಳ್ಳಬಹುದು. ಮಾಡಿದವರು ಫೋಟೊ ಕಳಿಸಬೇಕು, ನಕ್ಷೆಯನ್ನು ಬದಲಿಸಿ ಮಾಡಿದ್ದರೆ ಅದನ್ನೂ ತಪ್ಪದೆ ಕಳಿಸಬೇಕು ಎಂದು ಕೋರಿಕೊಂಡ. ತನ್ನ ಯೋಜನೆಗೆ ಅವನು ಇಟ್ಟ ಹೆಸರು ಆಟೊಪ್ರೊಜೆಟ್ಟಾಟ್ಸಿಯೋನೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ತನಗೆ ಬೇಕಾದುದನ್ನು ತಾನೇ ಯೋಚಿಸಿ ರೂಪಿಸಿಕೊಳ್ಳುವುದು. ಬರಿಯ ಜೋಡಣೆಯಲ್ಲ, ಯೋಚನೆಯೂ ಮಾಡುವವನದೇ.

ನಕ್ಷೆ ಕೊಡುವುದು ಅಷ್ಟು ದೊಡ್ಡ ಸಂಗತಿಯೇ ಎಂದು ಕೇಳಬಹುದು. ನಮ್ಮ ಕಡೆಯ ಆಚಾರ್ರು ಕೆಲಸ ಮಾಡುವುದನ್ನು ನೋಡಿದವರಿಗೆ ಉತ್ತರ ಗೊತ್ತಿದೆ. ಅವರ ಬಳಿ ಕಾಗದವಿಲ್ಲ. ಒಂದು ಪಟ್ಟಿಯ ಮೇಲೆ ಪೆನ್ಸಿಲಿನ ಗೀರುಗಳು, ಉಳಿದದ್ದೆಲ್ಲ ತಲೆಯಲ್ಲಿ. ಅದು ಅಪ್ಪನಿಂದ ಮಗನಿಗೆ, ಮಾವನಿಂದ ಅಳಿಯನಿಗೆ ಬಂದ ವಿದ್ಯೆ. ಅದರ ಆಳಕ್ಕೆ ನಾನು ತಲೆಬಾಗುತ್ತೇನೆ. ಆದರೆ ಆ ಮನೆಯಲ್ಲಿ ಹುಟ್ಟದವರಿಗೆ ಆ ಬಾಗಿಲು ತೆರೆಯುತ್ತಿರಲಿಲ್ಲ. ಯೂರೋಪಿನಲ್ಲಿಯೂ ಕಸುಬು ಹೀಗೆಯೇ ವೃತ್ತಿಸಂಘಗಳ ಒಳಗೆ, ಗುರುವಿನ ಕೈಕೆಳಗೆ ವರ್ಷಗಟ್ಟಲೆ ದುಡಿದವರಿಗಷ್ಟೇ ದಕ್ಕುತ್ತಿತ್ತು. 1678ರಲ್ಲಿ ಲಂಡನ್ನಿನ ಜೋಸೆಫ್ ಮಾಕ್ಸನ್ 'ಮೆಕ್ಯಾನಿಕ್ ಎಕ್ಸರ್ಸೈಸಸ್' ಎಂಬುದನ್ನು ಕಂತುಗಳಲ್ಲಿ ಅಚ್ಚು ಹಾಕತೊಡಗಿದಾಗ ಆ ಗೋಡೆಯಲ್ಲಿ ಒಂದು ಕಿಟಕಿ ತೆರೆಯಿತು. ಅವನು ಮುದ್ರಕ, ಭೂಗೋಳಗಳನ್ನು ಮಾಡುವವನು. ಕಮ್ಮಾರಿಕೆ, ಮರದ ಜೋಡಣೆ, ಮನೆಗೆಲಸದ ಬಡಗಿತನ, ಇವನ್ನೆಲ್ಲ ಉಪಕರಣಗಳ ಚಿತ್ರ ಸಮೇತ, ಕೀಸುಳಿ ಹಿಡಿಯುವುದು ಹೇಗೆ ಎಂಬಲ್ಲಿಂದ ಇಂಗ್ಲಿಷಿನಲ್ಲಿ ಬರೆದ.

ಇನ್ನೂರು ವರ್ಷಕ್ಕೂ ಮಿಕ್ಕು ದಾಟಿ ಅಮೆರಿಕಕ್ಕೆ ಬಂದರೆ ಗುಸ್ತಾವ್ ಸ್ಟಿಕ್ಲಿ ಸಿಗುತ್ತಾನೆ. ನ್ಯೂಯಾರ್ಕ್ ರಾಜ್ಯದಲ್ಲಿ ಓಕ್ ಮರದ ನೇರ ಗೆರೆಯ, ಅಲಂಕಾರವಿಲ್ಲದ ಪೀಠೋಪಕರಣ ಮಾಡುತ್ತಿದ್ದ ಕಾರ್ಖಾನೆಯ ಒಡೆಯ. 1901ರ ಅಕ್ಟೋಬರಿನಲ್ಲಿ 'ದಿ ಕ್ರಾಫ್ಟ್ಸ್‌ಮನ್' ಪತ್ರಿಕೆ ಶುರು ಮಾಡಿದ. ಮೊದಲ ಸಂಚಿಕೆ ಇಂಗ್ಲೆಂಡಿನಲ್ಲಿ ಕೈಕಸುಬಿನ ಪರ ನಿಂತ ವಿಲಿಯಂ ಮಾರಿಸ್‌ಗೆ, ಎರಡನೆಯದು ಅದೇ ಪರವಾಗಿ ಬರೆದ ಜಾನ್ ರಸ್ಕಿನ್‌ಗೆ ಮೀಸಲು. ಮುಂದೆ ಆ ಪತ್ರಿಕೆಯಲ್ಲಿ ಮನೆಯಲ್ಲೇ ಮಾಡಿಕೊಳ್ಳಬಹುದಾದ ಮೇಜು ಕುರ್ಚಿಗಳ ನಕ್ಷೆ, ಅಳತೆಗಳನ್ನು ಅಚ್ಚು ಹಾಕಿದ. ಮಾರುವವನೇ ಮಾಡುವ ಬಗೆ ಹೇಳಿಕೊಟ್ಟದ್ದು ನನಗೆ ಇಂದಿಗೂ ದೊಡ್ಡತನವಾಗಿಯೇ ಕಾಣುತ್ತದೆ. 1915ರಲ್ಲಿ ಅವನು ದಿವಾಳಿಯಾದ, 1916ರ ಕೊನೆಗೆ ಪತ್ರಿಕೆ ನಿಂತಿತು. ಅಷ್ಟರೊಳಗೆ ಷಿಕಾಗೋದ 'ಪಾಪ್ಯುಲರ್ ಮೆಕ್ಯಾನಿಕ್ಸ್' ಪತ್ರಿಕೆ ಅದೇ ಬಗೆಯ ಪೀಠೋಪಕರಣ ಮಾಡುವುದನ್ನು ಕಲಿಸುವ ಮೂರು ಪುಸ್ತಿಕೆಗಳನ್ನು 1909ರಿಂದ 1912ರೊಳಗೆ ತಂದಿತ್ತು. ಅವುಗಳಲ್ಲಿ ಬೇಕಾದ ಮರದ ಪಟ್ಟಿ ಇರುತ್ತದೆ: ಇಷ್ಟು ಕಾಲು, ಇಷ್ಟು ಅಡ್ಡಪಟ್ಟಿ, ಪ್ರತಿಯೊಂದರ ಉದ್ದ, ಅಗಲ, ದಪ್ಪ. ಅಡುಗೆ ಪುಸ್ತಕದಲ್ಲಿ ಬೇಕಾಗುವ ಸಾಮಗ್ರಿ ಬರೆದಿರುವ ಹಾಗೆ. ಪಟ್ಟಿ ಹಿಡಿದು ಮಿಲ್ಲಿಗೆ ಹೋದರೆ ಅಳತೆಗೆ ಕೊಯ್ದ ಮರವೇ ಮನೆಗೆ ಬರುತ್ತಿತ್ತು.

ಸ್ಟಿಕ್ಲಿಯನ್ನು ಪ್ರೇರೇಪಿಸಿದ ಅದೇ ರಸ್ಕಿನ್‌ನ ಪುಸ್ತಕವೊಂದನ್ನು 1904ರಲ್ಲಿ ಜೋಹಾನ್ಸ್‌ಬರ್ಗ್‌ನಿಂದ ಡರ್ಬನ್‌ಗೆ ಹೋಗುವ ರೈಲಿನಲ್ಲಿ ಗಾಂಧೀಜಿ ಓದಿ, ಕೈದುಡಿಮೆಯ ಬದುಕಿಗೆ ಒಲಿದರು. 1910ರಲ್ಲಿ ವಾಸ್ತುಶಿಲ್ಪಿ ಹರ್ಮನ್ ಕಾಲೆನ್‌ಬಾಕ್ ಕೊಟ್ಟ ಜಮೀನಿನಲ್ಲಿ ಟಾಲ್‌ಸ್ಟಾಯ್ ಫಾರ್ಮ್ ಎದ್ದಾಗ ಅಲ್ಲಿನವರು ಬಡಗಿ ಕೆಲಸ ಕಲಿತು, ಬೆಂಚಿನಿಂದ ಪೆಟ್ಟಿಗೆಯವರೆಗೆ ತಮಗೆ ಬೇಕಾದ ಮರದ ಸಾಮಾನನ್ನೆಲ್ಲ ತಾವೇ ಮಾಡಿಕೊಂಡರು. ಅಲ್ಲಿ ಬೇರು ಬಿಟ್ಟ ವಿಚಾರವೇ 1937ರ ವಾರ್ಧಾ ಶಿಕ್ಷಣ ಯೋಜನೆಯಾಯಿತು. ಕೈಕಸುಬಿನ ಮೂಲಕ ಕಲಿಸಬೇಕೆಂದ ಆ ಯೋಜನೆಯಲ್ಲಿ ಮರಗೆಲಸಕ್ಕೂ ಜಾಗವಿತ್ತು.

ನಾನು ಓದಿದ ಶಾಲೆಯಲ್ಲಿ ಅದರ ನೆರಳಿನಂತೆ ವಾರಕ್ಕೊಂದು ಕ್ರಾಫ್ಟ್ ಪಿರಿಯಡ್ ಉಳಿದಿತ್ತು. ಗಂಡುಮಕ್ಕಳು ಮರಗೆಲಸದ ಕೋಣೆಗೆ, ಹೆಣ್ಣುಮಕ್ಕಳು ಹೊಲಿಗೆಗೆ. ಕಿಟಕಿಯಾಚೆ ಕೀಸುಳಿಯಿಂದ ಸುರುಳಿ ಸುರುಳಿಯಾಗಿ ಏಳುತ್ತಿದ್ದ ಮರದ ಸಿಪ್ಪೆಯನ್ನು ನೋಡುತ್ತ ನಾನು ಕರವಸ್ತ್ರದ ಅಂಚಿಗೆ ಸರಪಳಿ ಹೊಲಿಗೆ ಹಾಕುತ್ತಿದ್ದೆ. ಒಂದು ದಿನ ಆ ಕೋಣೆಗೆ ಹೋಗುತ್ತೇನೆಂದು ಕೇಳಿದೆ. ಬೇಡ ಎಂದರು. ಹೊಲಿಗೆ ನನಗೆ ಬಹಳ ಕೊಟ್ಟಿದೆ, ಅದನ್ನು ಹಗುರಾಗಿ ಕಾಣುವವಳಲ್ಲ ನಾನು. ಆದರೆ ಆ ಮುಚ್ಚಿದ ಬಾಗಿಲನ್ನು ಮರೆತಿಲ್ಲ. ನಕ್ಷೆ ಕೊಟ್ಟವರ ಬಗ್ಗೆ ನನಗಿರುವ ಕೃತಜ್ಞತೆಯ ಮೂಲ ಅಲ್ಲಿದೆ. ಕಾಗದದ ಮೇಲಿನ ಗೆರೆ ನೀನು ಯಾರ ಮಗಳು ಎಂದು ಕೇಳುವುದಿಲ್ಲ.

ಮೇಜಿಗೆ ನಾನು ಆರಿಸಿದ್ದು ಪ್ಯಾಕಿಂಗ್ ಮರ. ಯಂತ್ರಗಳನ್ನು ತುಂಬಿಕೊಂಡು ಬರುವ ಪೆಟ್ಟಿಗೆಗಳನ್ನು ಬಿಚ್ಚಿ ಮಾರುವ ಪೈನ್ ಹಲಗೆ. ಇದಕ್ಕೂ ಒಬ್ಬ ಹಿರಿಯನಿದ್ದಾನೆ. ಹಾಲೆಂಡಿನ ಉಟ್ರೆಕ್ಟ್‌ನ ಗೆರಿಟ್ ರೀಟ್‌ಫೆಲ್ಡ್ ಬಡಗಿಯ ಮಗ, ಅಪ್ಪನ ಕಾರ್ಯಾಗಾರದಲ್ಲಿ ಕೈ ಪಳಗಿಸಿಕೊಂಡವನು. ಜಗತ್ತೇ ಹಣದ ಮುಗ್ಗಟ್ಟಿನಲ್ಲಿದ್ದ 1934ರಲ್ಲಿ ಪ್ಯಾಕಿಂಗ್ ಪೆಟ್ಟಿಗೆಯಂಥ ಅಗ್ಗದ ಹಲಗೆಗಳಿಂದ ಕುರ್ಚಿ, ಮೇಜು ರೂಪಿಸಿದ. ಆಮ್‌ಸ್ಟರ್‌ಡ್ಯಾಮ್‌ನ ಮೆಟ್ಜ್ ಅಂಗಡಿ ಅವನ್ನು ಬಿಡಿ ಭಾಗಗಳಾಗಿ ಮಾರಿತು, ಕೊಂಡವರು ಮನೆಯಲ್ಲಿ ಜೋಡಿಸಿಕೊಂಡರು. ಬೆಲೆಬಾಳುವ ಪೀಠೋಪಕರಣವನ್ನು ಹೊತ್ತು ತರುವ ಪೆಟ್ಟಿಗೆಯೂ ಬಡಗಿತನವೇ, ಬೇಕಾದಷ್ಟೇ ಮರ, ಬೇಕಾದಷ್ಟೇ ಕೆಲಸ ಇರುವ ಶುದ್ಧ ಬಡಗಿತನ ಎಂಬುದು ಅವನ ನಿಲುವು. ಬಿಡಿ ಭಾಗಗಳ ಈ ದಾರಿ ಮುಂದೆ ಹೆದ್ದಾರಿಯಾಯಿತು. 1956ರಲ್ಲಿ ಸ್ವೀಡನ್ನಿನ ಐಕಿಯಾ ಕಾಲು ಬಿಚ್ಚಿ ಚಪ್ಪಟೆಯಾಗಿ ಕಟ್ಟಿದ ಮೇಜನ್ನು ಮಾರತೊಡಗಿತು, 2022ರಲ್ಲಿ ಬೆಂಗಳೂರಿನ ನಾಗಸಂದ್ರಕ್ಕೂ ಬಂತು. ಅದರಿಂದ ಅನುಕೂಲವಾದ ಮನೆಗಳು ಎಷ್ಟೋ. ಆದರೆ ಅಲ್ಲಿ ತೂತುಗಳು ಮೊದಲೇ ಕೊರೆದಿರುತ್ತವೆ, ಜೋಡಿಸುವವನು ತೀರ್ಮಾನಿಸಬೇಕಾದುದು ಏನೂ ಉಳಿದಿರುವುದಿಲ್ಲ. ಮಾರಿ ಹಿಡಿದದ್ದು ಪಕ್ಕದ ಕಾಲುದಾರಿಯನ್ನು.

ಆ ಎರಡು ದಾರಿಗಳ ವ್ಯತ್ಯಾಸ ನನಗೆ ತಿಳಿದದ್ದು ಒಂದು ಓರೆಹಲಗೆಯಿಂದ. ಮೇಜಿನ ಕಾಲುಗಳಿಗೆ ಅಡ್ಡಪಟ್ಟಿ ಹೊಡೆದು ನಿಲ್ಲಿಸಿದ್ದೆ. ಮೂಲೆಮಟ್ಟ ಇಟ್ಟು ನೋಡಿದರೆ ಎಲ್ಲ ಸರಿ. ಆದರೂ ಅಂಗೈಯಿಂದ ಮೆಲ್ಲಗೆ ತಳ್ಳಿದರೆ ಸಾಕು, ಇಡೀ ಚೌಕಟ್ಟು ಒಂದು ಕಡೆಗೆ ವಾಲುತ್ತಿತ್ತು, ಬಿಟ್ಟರೆ ಇನ್ನೊಂದು ಕಡೆಗೆ. ಇನ್ನೆರಡು ಮೊಳೆ ಹೊಡೆದೆ. ವಾಲುವುದು ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಆಮೇಲೆ ನಕ್ಷೆಯಲ್ಲಿದ್ದಂತೆ ಓರೆಹಲಗೆಯನ್ನು ಒಂದು ಮೂಲೆಯ ಕೆಳಗಿನಿಂದ ಎದುರು ಮೂಲೆಯ ಮೇಲಕ್ಕೆ ಹಿಡಿದು ಎರಡು ತುದಿಗೂ ಮೊಳೆ ಇಳಿಸಿದೆ. ಕೊನೆಯ ಏಟು ಬೀಳುತ್ತಲೇ ಸುತ್ತಿಗೆಯ ಸದ್ದೇ ಬದಲಾಯಿತು, ಡಬಡಬ ಎನ್ನುತ್ತಿದ್ದದ್ದು ಟಣ್ ಎಂದಿತು. ತಳ್ಳಿದೆ. ಅಲ್ಲಾಡಲಿಲ್ಲ. ಭುಜ ಕೊಟ್ಟು ತಳ್ಳಿದೆ. ಮೇಜು ಒಟ್ಟಾಗಿ ಜರುಗಿತು, ವಾಲಲಿಲ್ಲ.

ಚೌಕದ ಬಾಹುಗಳು ಹಾಗೆಯೇ ಇದ್ದರೂ ಅದರ ಮೂಲೆಗಳು ಬದಲಾಗಬಹುದು, ತ್ರಿಕೋನದ ಬಾಹುಗಳು ನಿಂತರೆ ಮೂಲೆಗಳೂ ನಿಂತವು. ಸೇತುವೆಯ ಚಿತ್ರ ಬಿಡಿಸಿ ಈ ಮಾತನ್ನು ಬೋರ್ಡಿನ ಮುಂದೆ ಎಷ್ಟು ಸಲ ಹೇಳಿದ್ದೇನೋ. ಅದನ್ನು ಅಂಗೈಯಲ್ಲಿ ಕೇಳಿಸಿಕೊಂಡದ್ದು ಆವತ್ತೇ. ಮಾರಿಗೆ ಬೇಕಾಗಿದ್ದದ್ದು ಇದೇ ಎಂದು ನನಗೆ ಖಚಿತವಾಯಿತು. ಆಮೇಲೆ ಯಾರ ಮನೆಯ ಮೇಜು ಕಂಡರೂ ಬಗ್ಗಿ ಕೆಳಗೆ ನೋಡುವ ಅಭ್ಯಾಸ ಬಂತು: ಇದನ್ನು ಯಾವುದು ಗಟ್ಟಿಯಾಗಿ ಹಿಡಿದಿದೆ?

ಮೇಜು ಕೂಡಿಬಂದ ಧೈರ್ಯದಲ್ಲಿ ಕುರ್ಚಿಗೆ ಕೈ ಹಾಕಿದೆ. ಅದು ಅಮ್ಮನಿಗಾಗಿ. ಅಮ್ಮನಿಗೆ ಎಂಬತ್ತನಾಲ್ಕು. ಮಂಡಿನೋವು ಬಂದು ನೆಲಕ್ಕೆ ಕೂರುವಂತಿಲ್ಲ, ಆದರೆ ಕಾಲು ಇಳಿಬಿಟ್ಟು ಕೂತೂ ಅಭ್ಯಾಸವಿಲ್ಲ. ಕುರ್ಚಿ ಹಾಕಿದರೆ ಅಂಚಿನಲ್ಲಿ ಕೂತು ಒಂದು ಕಾಲನ್ನು ಮೇಲಕ್ಕೆ ಎಳೆದುಕೊಳ್ಳುತ್ತಾಳೆ. ಜನ್ಮವೆಲ್ಲ ಮಣೆಯ ಮೇಲೆ ಕೂತು ಉಂಡವಳು. ಅದಕ್ಕೇ ಆಸನವನ್ನು ಮಾರಿಯ ನಕ್ಷೆಗಿಂತ ಅಗಲ ಮಾಡಿದೆ, ಒಂದು ಕಾಲು ಮಡಚಿ ಮೇಲಿಟ್ಟರೂ ಮಂಡಿ ಹೊರಕ್ಕೆ ಚಾಚದ ಹಾಗೆ. ಎತ್ತರವನ್ನು ಎರಡಿಂಚು ಇಳಿಸಿದೆ. ಮುಂದಿನ ಹಲಗೆಯ ಅಂಚನ್ನು ಕೀಸಿ, ಉಪ್ಪುಕಾಗದದಲ್ಲಿ ಉಜ್ಜಿ, ಸೀರೆಯ ನೂಲು ಸಿಗದಷ್ಟು ನಯ ಮಾಡಿದೆ. ಅಮ್ಮ ಕೂತು, ಎರಡೂ ಕೈಯಿಂದ ಹಲಗೆ ಸವರಿ, "ಜಗಲಿ ಮೇಲೆ ಕೂತ ಹಾಗಿದೆ" ಅಂದಳು. ಬದಲಿಸಿ ಮಾಡಿದ್ದರೆ ಫೋಟೊ ಕಳಿಸಿ ಎಂದವನು ಇದ್ದಿದ್ದರೆ ಈ ಫೋಟೊ ಮಿಲಾನಿಗೆ ಹೋಗುತ್ತಿತ್ತು.

ಆ ನಕ್ಷೆಗಳನ್ನು ಬದಲಿಸಿ ತಮ್ಮದಾಗಿಸಿಕೊಂಡವರಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದವರು ಬರ್ಲಿನ್ನಿನ ಕೆಲವು ಹುಡುಗರು. ಪಶ್ಚಿಮ ಆಫ್ರಿಕಾದಿಂದ ಹೊರಟು, ಮೆಡಿಟರೇನಿಯನ್ ದಾಟಿ, ಲಾಂಪೆಡೂಸಾ ದ್ವೀಪದ ಮೂಲಕ ಯೂರೋಪು ಸೇರಿದ ನಿರಾಶ್ರಿತರು. 2013ರಲ್ಲಿ ಶುರುವಾದ ಕುಕುಲಾ ಎಂಬ ಕಾರ್ಯಾಗಾರದಲ್ಲಿ ಮಾರಿಯ ಕುರ್ಚಿಗಳನ್ನು ಮಾಡಲು ಕಲಿತರು. ವ್ಯಾಪಾರಕ್ಕೆ ಬೇಡ ಎಂದಿದ್ದ ಮಾರಿ ಇವರಿಗೆ ಮಾಡಿ ಮಾರುವ ಹಕ್ಕು ಕೊಟ್ಟ. ಅವರ ಕೆಲವು ಕುರ್ಚಿಗಳಲ್ಲಿ ಹೊಸ ಹಲಗೆಗಳ ನಡುವೆ ಬಣ್ಣ ಮಾಸಿದ ಒಂದೊಂದು ಹಳೆಯ ತುಂಡು ಇರುತ್ತಿತ್ತು. ಅದು ಲಾಂಪೆಡೂಸಾದ ದಡದಲ್ಲಿ ಉಳಿದ ದೋಣಿಗಳ ಮರ. ನಕ್ಷೆ ಒಂದೇ. ನಾನು ಅದರೊಳಗೆ ಅಮ್ಮನ ಮಂಡಿಗೆ ಜಾಗ ಮಾಡಿದೆ, ಅವರು ತಾವು ದಾಟಿ ಬಂದ ಸಮುದ್ರವನ್ನು ಇಟ್ಟರು.

ಕಳೆದ ತಿಂಗಳು ಆಚಾರ್ರು ಅಮ್ಮನ ಕುರ್ಚಿಯನ್ನು ನೋಡಿದರು. ತಿರುಗಿಸಿ, ಬೋರಲು ಹಾಕಿ, ಒಂದೊಂದು ಮೊಳೆಯನ್ನೂ ಬೆರಳಿನಿಂದ ಮುಟ್ಟಿದರು. "ನಮ್ಮಮ್ಮನಿಗೂ ಇಂಥದ್ದೊಂದು ಬೇಕು. ಅಳತೆ ಕೊಡ್ತೀರಾ?" ಎಂದು ಕೇಳಿದರು. ಅವರಿಗೆ ಕಾಗದ ಬೇಕಿರಲಿಲ್ಲ, ಒಂದು ಪಟ್ಟಿಯ ಮೇಲೆ ನಾಲ್ಕು ಗೀರು ಎಳೆದುಕೊಂಡು ಹೋಗಬಹುದಿತ್ತು. ಆದರೆ ಪಿಯುಸಿ ಓದುವ ಅವರ ಮಗಳು ಜೊತೆಯಲ್ಲಿ ಬಂದಿದ್ದಳು. ಅವಳಿಗಾಗಿ ಹಳೆಯ ಡ್ರಾಯಿಂಗ್ ಬೋರ್ಡ್ ಇಳಿಸಿ, ಟಿ-ಸ್ಕ್ವೇರ್ ಒರೆಸಿ, ಕುರ್ಚಿಯನ್ನು ಮುಂದಿನಿಂದ, ಪಕ್ಕದಿಂದ, ಮೇಲಿನಿಂದ ಬಿಡಿಸಿದೆ. ಬಲಗಡೆ ಮರದ ಪಟ್ಟಿ ಬರೆದೆ: ಎಷ್ಟು ಹಲಗೆ, ಎಷ್ಟು ಉದ್ದ. ಅವಳು ಕೂರುವವರ ಅಳತೆ ನೋಡಿಕೊಂಡು ಬದಲಿಸಲಿ ಎಂದು ಆಸನದ ಅಗಲವನ್ನು ಮಾತ್ರ ಪೆನ್ಸಿಲಿನಲ್ಲಿ ಬರೆದೆ. ಕೊನೆಗೆ, ಮಾಕ್ಸನ್ನಿಂದ ಮಾರಿಯವರೆಗೆ ನಾನು ಯಾರಿಂದಲೂ ಕಲಿಯದ, ಅವಳಪ್ಪನಿಂದ ಕಲಿತ ಒಂದು ಸಾಲನ್ನು ಕೆಳಗೆ ಸೇರಿಸಿದೆ: ಹೊಡೆಯುವ ಮುಂಚೆ ಮೊಳೆಯ ಮೊನೆ ಮುರಿದುಕೊಳ್ಳಿ.