ಸ್ವಂತ ಮನೆಗೂ ವಾಯಿದೆ ಇರುತ್ತಾ? ಲೀಸ್ ಫ್ಲ್ಯಾಟಿನ ಮುನ್ನೂರು ವರ್ಷದ ಕಥೆ

ಬೆಂಗಳೂರಿನಲ್ಲಿ 'ಲೀಸ್‌ಗೆ ಮನೆ ಹಿಡಿದಿದ್ದೀವಿ' ಅಂದ್ರೆ ಏನು ಅಂತ ನಮಗೆಲ್ಲ ಗೊತ್ತು. ಒಂದಷ್ಟು ಲಕ್ಷ ಒಟ್ಟಿಗೆ ಕೊಡೋದು, ಬಾಡಿಗೆ ಇಲ್ಲದೆ ಎರಡು-ಮೂರು ವರ್ಷ ಇರೋದು, ಬಿಡುವಾಗ ದುಡ್ಡು ವಾಪಸ್ ತಗೊಳ್ಳೋದು. ಹಳಬರು ಭೋಗ್ಯ ಅಂತಿದ್ದರು. ಹಾಗಾಗಿ ಲಂಡನ್ನಿನಲ್ಲಿರುವ ನಮ್ಮಕ್ಕ ಫೋನ್ ಮಾಡಿ, "ನಮ್ಮ ಫ್ಲ್ಯಾಟಿನ ಲೀಸ್ 78 ವರ್ಷಕ್ಕೆ ಇಳಿದಿದೆ ಕಣೋ, ವಿಸ್ತರಿಸದಿದ್ರೆ ಮಾರೋದು ಕಷ್ಟವಂತೆ" ಅಂದಾಗ ನನಗೆ ತಲೆಬುಡ ಅರ್ಥ ಆಗಲಿಲ್ಲ. ಬ್ಯಾಂಕ್ ಸಾಲ ಮಾಡಿ ಕೊಂಡ ಸ್ವಂತ ಮನೆಗೆ ಅದೆಂಥ ವಾಯಿದೆ?

ಉತ್ತರ ಹುಡುಕಿಕೊಂಡು ಹೋದರೆ 1677ಕ್ಕೆ ಹೋಗಬೇಕಾಯ್ತು. ಆ ವರ್ಷ ಸರ್ ಥಾಮಸ್ ಗ್ರೋವ್ನರ್ ಎಂಬಾತ ಮೇರಿ ಡೇವಿಸ್ ಎಂಬ 12 ವರ್ಷದ ಹುಡುಗಿಯನ್ನು ಮದುವೆಯಾದ. ಅವಳ ಕಡೆಯಿಂದ ಬಂದದ್ದು ಲಂಡನ್ನಿನ ಪಶ್ಚಿಮಕ್ಕಿದ್ದ ಹುಲ್ಲುಗಾವಲು, ಜೌಗು ನೆಲ. ಮುಂದೆ ಮೇಫೇರ್, ಬೆಲ್ಗ್ರೇವಿಯಾ ಎದ್ದದ್ದು ಅದೇ ನೆಲದ ಮೇಲೆ. ಇಂಥ ಜಮೀನ್ದಾರ ಮನೆತನಗಳು ನೆಲ ಮಾರಲಿಲ್ಲ. ಲೀಸ್ ಕೊಟ್ಟರು, ಹೆಚ್ಚಾಗಿ 99 ವರ್ಷಕ್ಕೆ. ಕಟ್ಟುವವನು ತನ್ನ ಖರ್ಚಿನಲ್ಲಿ ಮನೆ ಕಟ್ಟಬೇಕು, ವರ್ಷವರ್ಷ ಸಣ್ಣ ನೆಲಬಾಡಿಗೆ ಕೊಡಬೇಕು. ಅವಧಿ ಮುಗಿದ ದಿನ ನೆಲದ ಜೊತೆ ಮನೆಯೂ ಜಮೀನ್ದಾರನ ಪಾಲು.

ದಕ್ಷಿಣ ಕನ್ನಡದವರಿಗೆ ಇದು ಬೇಗ ಹೊಳೆಯುತ್ತೆ. ಅಲ್ಲಿ ಮೂಲಗೇಣಿ ಅಂದ್ರೆ ಶಾಶ್ವತ, ಚಾಲಗೇಣಿ ಅಂದ್ರೆ ಹಾಗಲ್ಲ. ಇಂಗ್ಲೆಂಡಿನದು ಬಹಳ ಉದ್ದದ ಚಾಲಗೇಣಿ ಅಂದುಕೊಳ್ಳಿ.

ಸರಿ, ಫ್ಲ್ಯಾಟಿಗೆ ಇದು ಹೇಗೆ ಅಂಟಿಕೊಂಡಿತು? 1885ರಲ್ಲಿ ಆಸ್ಟರ್‌ಬೆರಿ ಮೊಕದ್ದಮೆಯ ತೀರ್ಪು ಒಂದು ತೊಡಕನ್ನು ಗಟ್ಟಿ ಮಾಡಿತು. 'ಖರ್ಚು ಮಾಡಿ ದುರಸ್ತಿ ಮಾಡ್ತೀನಿ' ಎಂದು ಇವತ್ತಿನ ಪೂರ್ಣ ಮಾಲೀಕ ಕೊಟ್ಟ ಮಾತು, ನಾಳೆ ಅವನಿಂದ ಆಸ್ತಿ ಕೊಂಡವನನ್ನು ಕಟ್ಟಿಹಾಕೋದಿಲ್ಲ. ಒಂದರ ಮೇಲೊಂದು ಕೂತ ಮನೆಗಳಿಗೆ ಇದು ಅಪಾಯ. ಮೇಲಿನವನು ಚಾವಣಿ ರಿಪೇರಿ ಮಾಡದಿದ್ರೆ ಕೆಳಗಿನವನು ಏನು ಮಾಡಬೇಕು? ಆದರೆ ಲೀಸ್ ಪತ್ರದ ಷರತ್ತು ಕೈ ಬದಲಾದರೂ ಉಳಿಯುತ್ತೆ. ಆದ್ದರಿಂದ ಅಲ್ಲಿ ಫ್ಲ್ಯಾಟ್ ಅಂದ್ರೆ ಲೀಸ್ ಅನ್ನೋದೇ ರೂಢಿಯಾಯ್ತು.

ಬಿಸಿ ಮುಟ್ಟಿದ್ದು 20ನೇ ಶತಮಾನದ ನಡುವೆ. ಸೌತ್ ವೇಲ್ಸ್‌ನಲ್ಲಿ ಗಣಿ ಕಾರ್ಮಿಕರ ಮನೆಗಳ 99 ವರ್ಷದ ಲೀಸ್‌ಗಳು ಸಾಲಾಗಿ ಮುಗಿಯತೊಡಗಿದವು. ಕೈಯಿಂದ ದುಡ್ಡು ಹಾಕಿ ಕೊಂಡ ಮನೆ ಪರಿಹಾರವಿಲ್ಲದೆ ಹೋಗುವ ಸ್ಥಿತಿ. 1967ರ ಕಾಯ್ದೆ ಬಿಡಿ ಮನೆಯವರಿಗೆ ಎರಡು ದಾರಿ ಕೊಟ್ಟಿತು: ನೆಲ ಕೊಂಡುಕೊಳ್ಳಿ, ಇಲ್ಲವೇ 50 ವರ್ಷ ವಿಸ್ತರಿಸಿಕೊಳ್ಳಿ. ಬೆಲ್ಗ್ರೇವಿಯಾದಲ್ಲಿ ಸುಮಾರು 80 ಮನೆ ಕಳೆದುಕೊಂಡ ಗ್ರೋವ್ನರ್ ಟ್ರಸ್ಟಿಗಳು, ಇದು ಆಸ್ತಿ ಹಕ್ಕಿನ ಉಲ್ಲಂಘನೆ ಅಂತ ಯುರೋಪಿನ ಮಾನವ ಹಕ್ಕು ನ್ಯಾಯಾಲಯಕ್ಕೇ ಹೋದರು. 1986ರಲ್ಲಿ ಸೋತರು. ಸಾರ್ವಜನಿಕ ಹಿತಕ್ಕಾಗಿ ಒಬ್ಬನ ಆಸ್ತಿಯನ್ನು ಬೆಲೆ ಕಟ್ಟಿ ಇನ್ನೊಬ್ಬನಿಗೆ ಕೊಡಿಸಬಹುದು ಅಂತ ತೀರ್ಪು. ನಮ್ಮಲ್ಲಿ 1974ರಲ್ಲಿ 'ಉಳುವವನೇ ಹೊಲದೊಡೆಯ' ಆದಾಗ ಎದ್ದದ್ದೂ ಹೆಚ್ಚುಕಮ್ಮಿ ಇದೇ ಪ್ರಶ್ನೆ ಅಲ್ವಾ?

ಫ್ಲ್ಯಾಟಿನವರ ಸರದಿ ಬಂದದ್ದು 1993ರಲ್ಲಿ. ಉಳಿದ ಅವಧಿಗೆ 90 ವರ್ಷ ಸೇರಿಸಿಕೊಳ್ಳುವ ಹಕ್ಕು ಸಿಕ್ಕಿತು. ನೆಲಬಾಡಿಗೆ ಒಂದು ಕರಿಮೆಣಸಿನ ಕಾಳಿಗೆ ಇಳಿಯಿತು. ತಮಾಷೆಯಲ್ಲ, ಕಾನೂನಿನ ಭಾಷೆಯೇ ಹಾಗಿದೆ. ಅರ್ಥ ಸೊನ್ನೆ. (ನಮ್ಮ ಶಿರಸಿ ಕಡೆಯವರಿಗೆ ಕೇಳಿ, ಮೆಣಸು ಸೊನ್ನೆ ಅಂದ್ರೆ ಜಗಳಕ್ಕೆ ಬರ್ತಾರೆ.) ಗ್ರೋವ್ನರ್ ಮನೆತನದ ಅಂದಿನ ಡ್ಯೂಕ್ ಇದನ್ನು ವಿರೋಧಿಸಿ ಕನ್ಸರ್ವೇಟಿವ್ ಪಕ್ಷವನ್ನೇ ಬಿಟ್ಟ.

ವಿಸ್ತರಣೆ ಪುಕ್ಕಟೆಯಲ್ಲ. ಇಲ್ಲಿ ನನ್ನೊಳಗಿನ ಎಂಜಿನಿಯರ್‌ಗೆ ಸ್ವಲ್ಪ ಜಾಗ ಕೊಡಿ. ಫ್ಲ್ಯಾಟಿನ ಬೆಲೆ 4 ಲಕ್ಷ ಪೌಂಡ್ ಅಂದುಕೊಳ್ಳಿ. ಲೀಸ್ ಮುಗಿದಾಗ ಅದು ನೆಲದ ಮಾಲೀಕನಿಗೆ ಸಿಗಬೇಕಿತ್ತು. ಆ ಕಾಯುವಿಕೆಯ ಇವತ್ತಿನ ಬೆಲೆ ಎಷ್ಟು? ಚಕ್ರಬಡ್ಡಿಯನ್ನು ಹಿಂದಕ್ಕೆ ಓಡಿಸಿ. ಫ್ಲ್ಯಾಟುಗಳಿಗೆ ಬಳಕೆಯಲ್ಲಿರುವ 5% ದರದಲ್ಲಿ, 78 ವರ್ಷ ಉಳಿದಿದ್ದರೆ ಸುಮಾರು 8,900 ಪೌಂಡ್. 60 ವರ್ಷಕ್ಕೆ 21,400. 40 ವರ್ಷಕ್ಕೆ 56,800. ಇದರ ಮೇಲೆ ತಪ್ಪಿಹೋಗುವ ನೆಲಬಾಡಿಗೆಯ ಲೆಕ್ಕ. ಲೀಸ್ 80 ವರ್ಷಕ್ಕಿಂತ ಕೆಳಗಿಳಿದಿದ್ದರೆ ಇನ್ನೊಂದು ಬಾಬ್ತು: ವಿಸ್ತರಣೆಯಿಂದ ಒಟ್ಟು ಆಸ್ತಿಗೆ ಏರುವ ಮೌಲ್ಯದಲ್ಲಿ ಅರ್ಧ ಮಾಲೀಕನಿಗೆ. ಇದಕ್ಕೆ 'ಮ್ಯಾರೇಜ್ ವ್ಯಾಲ್ಯೂ' ಅಂತ ಹೆಸರು. 80ರ ಗೆರೆ ಎಳೆದದ್ದು 2002ರ ಕಾಯ್ದೆ.

ಅಕ್ಕ ಸಿಕ್ಕಿಬಿದ್ದದ್ದು ಇಲ್ಲೇ. ಕೊಳ್ಳುವಾಗ 85 ವರ್ಷ ಇತ್ತು. 'ನಮ್ಮ ಕಾಲಕ್ಕೆ ಸಾಕು' ಅಂದುಕೊಂಡರು. ಗೆರೆ ದಾಟಿದ್ದು ಗೊತ್ತೇ ಆಗಲಿಲ್ಲ. 2024ರ ಮೇ ತಿಂಗಳಲ್ಲಿ ಬಂದ ಹೊಸ ಕಾಯ್ದೆ 90ರ ಬದಲು 990 ವರ್ಷ ಅಂತು, ಮ್ಯಾರೇಜ್ ವ್ಯಾಲ್ಯೂ ತೆಗೆಯುತ್ತೇವೆ ಅಂತು. ಆದರೆ ಎಲ್ಲ ಕಲಮುಗಳೂ ಒಟ್ಟಿಗೆ ಜಾರಿಗೆ ಬರಲಿಲ್ಲ. ಕಾಯುತ್ತಾ ಕೂತರೆ ವರ್ಷ ಇಳಿಯುತ್ತೆ, ಈಗಲೇ ಮಾಡಿದ್ರೆ ಹೆಚ್ಚು ಕಟ್ಟಬೇಕು. ಅಕ್ಕ-ಭಾವ ಕಟ್ಟಿಬಿಟ್ಟರು.

ಇದೆಲ್ಲ ಪರದೇಶದ ಕಥೆ ಅಂತ ಸುಮ್ಮನಾಗೋ ಹಾಗಿಲ್ಲ. 1896ರ ಪ್ಲೇಗಿನ ನಂತರ 1898ರಲ್ಲಿ ಹುಟ್ಟಿದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್, ನಮ್ಮವರು ಬಂದು ನೆಲೆಸಿದ ಮಾಟುಂಗ, ದಾದರ್‌ನಲ್ಲಿ ನಿವೇಶನ ಕೊಟ್ಟದ್ದು ಲೀಸ್ ಮೇಲೇ. ನವಿ ಮುಂಬೈಯ ಸಿಡ್ಕೊ ಲೀಸ್ 60 ವರ್ಷದ್ದು, ನೋಯ್ಡಾದ್ದು 90. ದಿಲ್ಲಿಯಲ್ಲಿ 1992ರಿಂದ ಡಿಡಿಎ ಫ್ಲ್ಯಾಟುಗಳನ್ನು ಪೂರ್ಣ ಒಡೆತನಕ್ಕೆ ಬದಲಾಯಿಸಿಕೊಳ್ಳುವ ಯೋಜನೆ ಬಂತು. ಆದರೆ ನಮ್ಮ 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲಿ, ಇಂಗ್ಲೆಂಡಿನ 1993ರ ಹಾಗೆ 'ವಿಸ್ತರಿಸು' ಅಂತ ಮಾಲೀಕನ ಮುಂದೆ ನಿಂತು ಕೇಳುವ ಹಕ್ಕಿಲ್ಲ. ನಮ್ಮ ಲೀಸ್ ಪತ್ರದಲ್ಲಿ ಏನು ಬರೆದಿದೆ, ಪ್ರಾಧಿಕಾರದ ನೀತಿ ಏನು ಹೇಳುತ್ತೆ, ಅದೇ ನಮಗೆ ಆಧಾರ.

ಅದಕ್ಕೇ ಒಂದು ಕೆಲಸ ಮಾಡಿ. ಈ ಭಾನುವಾರ ಬೀರುವಿನಿಂದ ಮನೆ ಪತ್ರ ತೆಗೆದು, ಅಥವಾ ಸೊಸೈಟಿ ಕಾರ್ಯದರ್ಶಿಯನ್ನು ಕೇಳಿ, ಮೂರು ವಿಷಯ ನೋಡಿಕೊಳ್ಳಿ: ನೆಲ ಯಾರದ್ದು, ಲೀಸ್ ಯಾವ ವರ್ಷ ಮುಗಿಯುತ್ತೆ, ನವೀಕರಣದ ಷರತ್ತು ಇದೆಯಾ ಇಲ್ಲವಾ. ಇಸವಿ ದೂರದ್ದಾದರೂ ಬರೆದಿಟ್ಟುಕೊಳ್ಳಿ. ಸೌತ್ ವೇಲ್ಸ್‌ನಲ್ಲಿ ಲೀಸ್‌ಗೆ ಸಹಿ ಹಾಕಿದವರು ಅದು ಮುಗಿಯೋದನ್ನು ನೋಡಲಿಲ್ಲ. ನೋಡಿದ್ದು ಅವರ ಮೊಮ್ಮಕ್ಕಳು.