ಮಹಾಮಾರಿಯೂ ಜನಪ್ರತಿನಿಧಿಯೂ

ಗೋಕರ್ಣದ ದಕ್ಷಿಣಕ್ಕೆ ಗುಡ್ಡವನ್ನಿಳಿದು ಹೋಗುವ ಯಾತ್ರಿಕನಿಗೆ, ಕಡಲಿಗೆ ಚಾಚಿದ ಬಂಡೆಗಳು ಮರಳದಂಡೆಯನ್ನು ಎರಡು ಅರ್ಧಚಂದ್ರಗಳಾಗಿ ವಿಭಾಗಿಸಿ ಪ್ರಣವಾಕ್ಷರದ ಆಕೃತಿಯನ್ನು ತೋರಿಸುವ ಓಂ ಬೀಚ್ ಕಾಣುತ್ತದೆ. 2020ರ ಮಾರ್ಚ್ 25ರಂದು ಕೋವಿಡ್ ಮಾರಿಯನ್ನು ತಡೆಯಲು ದೇಶವ್ಯಾಪಿಯಾದ ಲಾಕ್‌ಡೌನ್ ಜಾರಿಗೆ ಬಂದು, ಮಹಾಬಲೇಶ್ವರನ ದರ್ಶನವೂ ಕೋಟಿತೀರ್ಥದ ಪಿತೃಕಾರ್ಯಗಳೂ ನಿಂತಾಗ, ಈ ತೀರವೂ ನಿರ್ಜನವಾಯಿತು. ಯಾತ್ರಿಕರನ್ನೂ ಪ್ರವಾಸಿಗರನ್ನೂ ನಂಬಿ ಬದುಕುತ್ತಿದ್ದ ಪುರೋಹಿತರು, ಖಾನಾವಳಿಯವರು, ರಿಕ್ಷಾದವರು ಮತ್ತು ಹೂ ಮಾರುವ ಹೆಂಗಸರು ಒಂದೇ ದಿನದಲ್ಲಿ ನಿರುದ್ಯೋಗಿಗಳಾದರು. ಇಂಥ ವಿಪತ್ತಿನಲ್ಲಿ ಸಾಮಾನ್ಯನ ಪರವಾಗಿ ಸರಕಾರದೆದುರು ಮಾತನಾಡಬೇಕಾದವರು ಯಾರು ಎಂಬ ಪ್ರಶ್ನೆಗೆ ಈ ಕರಾವಳಿಯಲ್ಲಿ ಒಂದು ದೀರ್ಘ ಇತಿಹಾಸವಿದೆ.

1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಬೇರ್ಪಟ್ಟು ಮುಂಬಯಿ ಪ್ರಾಂತಕ್ಕೆ ಸೇರಿದುದರಿಂದ, ಘಟ್ಟದ ಮೇಲಿನ ಹತ್ತಿಯನ್ನು ಹಡಗಿಗೇರಿಸುತ್ತಿದ್ದ ಕುಮಟೆಯೂ, ಶರಾವತಿಯ ಮುಖದ ಹೊನ್ನಾವರವೂ, ಪುರಾತನ ಬಂದರಾದ ಭಟ್ಕಳವೂ ವ್ಯಾಪಾರದಲ್ಲಿ ಮಾತ್ರವಲ್ಲದೆ ಆಡಳಿತದಲ್ಲಿಯೂ ಮುಂಬಯಿಯತ್ತಲೇ ಮುಖಮಾಡಿ ನಿಂತವು. ಆ ಮಹಾನಗರದಲ್ಲಿ 1896ರಲ್ಲಿ ಪ್ಲೇಗು ಕಾಣಿಸಿಕೊಂಡಿತು. ಮರುವರ್ಷವೇ ಸಾಂಕ್ರಾಮಿಕ ರೋಗಗಳ ಕಾಯಿದೆಯು ಹುಟ್ಟಿತು. ಬೆರಳೆಣಿಕೆಯ ಕಲಮುಗಳ ಆ ಪುಟ್ಟ ಶಾಸನವು, ರೋಗವನ್ನು ತಡೆಯಲು ಅಗತ್ಯವೆಂದು ಕಂಡ ಯಾವ ಕ್ರಮವನ್ನಾದರೂ ಕೈಗೊಳ್ಳುವ ಅಧಿಕಾರವನ್ನು ಸರಕಾರಕ್ಕೆ ಒಪ್ಪಿಸಿ, ಸದ್ಭಾವನೆಯಿಂದ ಅದನ್ನು ಜಾರಿಗೊಳಿಸಿದ ಅಧಿಕಾರಿಯ ಮೇಲೆ ದಾವೆ ಹೂಡುವ ದಾರಿಯನ್ನೂ ಮುಚ್ಚಿತ್ತು. ಪುಣೆಯಲ್ಲಿ ಸೈನಿಕರು ಮನೆಮನೆ ಹೊಕ್ಕು ಶೋಧಿಸಿದ ರೀತಿಗೆ ಜನ ರೊಚ್ಚಿಗೆದ್ದರು. 1897ರ ಜೂನ್ 22ರ ರಾತ್ರಿ ಪ್ಲೇಗು ಅಧಿಕಾರಿ ರ‍್ಯಾಂಡನ ಮೇಲೆ ಚಾಪೇಕರ ಸಹೋದರರು ಗುಂಡು ಹಾರಿಸಿದರು.

ಅದೇ ವರ್ಷ ಇಂಗ್ಲೆಂಡಿನಲ್ಲಿದ್ದ ಗೋಪಾಲಕೃಷ್ಣ ಗೋಖಲೆಯವರು ಪುಣೆಯಿಂದ ಬಂದ ಪತ್ರಗಳನ್ನು ನಂಬಿ ಸೈನಿಕರ ಅತ್ಯಾಚಾರಗಳನ್ನು ಅಲ್ಲಿ ಬಹಿರಂಗಪಡಿಸಿದರು. ಹಿಂದಿರುಗಿದ ಮೇಲೆ ಸಾಕ್ಷ್ಯವನ್ನು ಒದಗಿಸಲಾರದೆ ಕ್ಷಮೆ ಯಾಚಿಸಬೇಕಾಯಿತು. ಆ ಅವಮಾನದಿಂದ ಕುಗ್ಗದೆ ಅವರು ಪ್ಲೇಗುಪೀಡಿತರ ಸೇವೆಗೆ ತಾವೇ ಇಳಿದರು, 1899ರಲ್ಲಿ ಮುಂಬಯಿಯ ಶಾಸನಸಭೆಯನ್ನು ಪ್ರವೇಶಿಸಿದರು. ಗೋಕರ್ಣವೂ ಆ ಸಭೆಯ ಅಧೀನಕ್ಕೇ ಒಳಪಟ್ಟಿದ್ದಿತು. ಆದರೆ ಗೋಕರ್ಣದ ಬೆಸ್ತನಿಗಾಗಲಿ ಗೇಣಿದಾರನಿಗಾಗಲಿ ಅಲ್ಲಿಗೆ ಒಬ್ಬನನ್ನು ಆರಿಸಿ ಕಳುಹಿಸುವ ಹಕ್ಕಿರಲಿಲ್ಲ. 1918ರ ಇನ್‌ಫ್ಲುಯೆಂಜಾ ಒಂದು ಕೋಟಿಗೂ ಮಿಕ್ಕಿ ಭಾರತೀಯರನ್ನು ಬಲಿ ತೆಗೆದುಕೊಂಡಾಗಲೂ ಪರಿಸ್ಥಿತಿ ಹಾಗೆಯೇ ಇದ್ದಿತು. ಗೋಖಲೆಯವರು 1905ರಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜದ ದೀಕ್ಷೆಯನ್ನು ಈ ಜಿಲ್ಲೆಗೆ ತಂದವರು ದಿನಕರ ದೇಸಾಯಿಯವರು. ಗೇಣಿದಾರರನ್ನು ಸಂಘಟಿಸಿ, ಅದಕ್ಕಾಗಿ ಜಿಲ್ಲೆಯಿಂದ ಗಡೀಪಾರಾಗಿ, 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟಿನ ಮೂಲಕ ಶಾಲೆಗಳನ್ನು ಕಟ್ಟಿ, 1967ರಲ್ಲಿ ಲೋಕಸಭೆಗೆ ಹೋದ ಅವರು, ಪ್ರತಿನಿಧಿಯೆಂದರೆ ಮೊದಲು ಸೇವಕ, ಆಮೇಲೆ ಸದಸ್ಯ ಎಂಬ ಆದರ್ಶವನ್ನು ಇಲ್ಲಿಯ ಜನರ ಮನಸ್ಸಿನಲ್ಲಿ ಉಳಿಸಿಹೋದರು.

2020ರಲ್ಲಿ ಜನರಿಗೆ ಮತದ ಹಕ್ಕೂ ಇದ್ದಿತು, ಶಾಸಕರೂ ಇದ್ದರು. ಕುಮಟಾ ಕ್ಷೇತ್ರವನ್ನು ದಿನಕರ ಶೆಟ್ಟಿಯವರೂ, ಭಟ್ಕಳ ಕ್ಷೇತ್ರವನ್ನು ಸುನಿಲ್ ನಾಯ್ಕರೂ ಪ್ರತಿನಿಧಿಸುತ್ತಿದ್ದರು. ಹೊನ್ನಾವರ ತಾಲೂಕು ಇಬ್ಬರಿಗೂ ಹಂಚಿಹೋಗಿತ್ತು. ಆದರೆ ಕಾನೂನು ಬಹುಮಟ್ಟಿಗೆ ಹಳೆಯದೇ. ಕರ್ನಾಟಕ ಸರಕಾರವು ಆ ಮಾರ್ಚ್‌ನಲ್ಲಿ ನಿಯಮಾವಳಿಯನ್ನು ಹೊರಡಿಸಿದುದು 1897ರ ಕಾಯಿದೆಯ ಆಧಾರದ ಮೇಲೆಯೇ. ಅದಕ್ಕೆ 2005ರ ವಿಪತ್ತು ನಿರ್ವಹಣಾ ಕಾಯಿದೆಯೂ ಕೂಡಿ, ರಸ್ತೆಯನ್ನು ಮುಚ್ಚುವ, ಊರನ್ನು ಸೀಲ್‌ಡೌನ್ ಮಾಡುವ ಅಧಿಕಾರವೆಲ್ಲ ಜಿಲ್ಲಾಧಿಕಾರಿಗಳ ಕೈಯಲ್ಲಿದ್ದಿತು. ಕೊಲ್ಲಿ ದೇಶಗಳೊಡನೆ ನಿಕಟ ಬಾಂಧವ್ಯವಿರುವ ಭಟ್ಕಳದಲ್ಲಿ ಸೋಂಕು ಕಾಣಿಸಿಕೊಂಡು, ರೋಗಿಗಳನ್ನು ಕಾರವಾರದ ನೌಕಾಪಡೆಯ ಪತಂಜಲಿ ಆಸ್ಪತ್ರೆಗೆ ಸಾಗಿಸಿ, ಪಟ್ಟಣವನ್ನು ಮುಚ್ಚಿದಾಗ, ಒಬ್ಬನಿಗೆ ಒಂದು ಪಾಸು ಕೊಡಿಸಬೇಕಾದರೂ ಶಾಸಕನು ಅಧಿಕಾರಿಯನ್ನೇ ಕೇಳಬೇಕಾಗಿತ್ತು. ಆದೇಶಿಸುವ ಶಕ್ತಿಯಿಲ್ಲದೆ ಉತ್ತರ ಕೊಡುವ ಹೊಣೆ ಮಾತ್ರವಿರುವ ಈ ಸ್ಥಿತಿಯನ್ನು ತಿಳಿಯದೆ, ಆ ಕಾಲದ ಯಾವ ಶಾಸಕನ ಕೆಲಸವನ್ನೂ ನ್ಯಾಯವಾಗಿ ಅಳೆಯಲಾಗದು.

ಆ ಕೆಲಸದ ಸ್ವರೂಪವು ಒಂದು ಬೆಳೆಯಿಂದ ಸ್ಪಷ್ಟವಾಗುತ್ತದೆ. ಕುಮಟೆಯ ಅಳ್ವೆಕೋಡಿ, ಹಂದಿಗೋಣಗಳ ಸಿಹಿ ಈರುಳ್ಳಿಯು ಬೇಸಿಗೆಯಲ್ಲಿ ಕೊಯ್ಲಾಗಿ, ಎಲೆಸಹಿತ ಹೆಣೆದ ಗೊಂಚಲುಗಳ ರೂಪದಲ್ಲಿ ಹೆದ್ದಾರಿಯ ಬದಿಯ ಚಪ್ಪರಗಳಲ್ಲಿ ತೂಗುತ್ತದೆ. ಅದನ್ನು ಕೊಳ್ಳುವವರಲ್ಲಿ ದಾರಿಹೋಕರೇ ಬಹಳ. ವಾಹನವೇ ಓಡದ ಹೆದ್ದಾರಿಯಲ್ಲಿ ಆ ಗೊಂಚಲನ್ನು ಯಾರು ಕೊಂಡಾರು? ದೋಣಿ ಕಡಲಿಗಿಳಿಯದೆ ಮೀನುಗಾರನೂ, ಹೊರಗಿನ ಪೇಟೆ ಸಿಕ್ಕದೆ ಭಟ್ಕಳದ ಮಲ್ಲಿಗೆಯ ಬೆಳೆಗಾರನೂ, ಮೇಳಗಳ ತಿರುಗಾಟ ನಿಂತು ಯಕ್ಷಗಾನದ ಕಲಾವಿದನೂ ಅದೇ ಸಂಕಟದಲ್ಲಿದ್ದರು. ಸಾಗಾಟದ ಅನುಮತಿ, ಪಡಿತರದ ಅಕ್ಕಿ, ಪರಊರಿನಲ್ಲಿ ಸಿಕ್ಕಿಬಿದ್ದ ಮಗನನ್ನು ಕರೆತರುವ ವ್ಯವಸ್ಥೆ, ಇಂಥ ನೂರು ಅಹವಾಲುಗಳನ್ನು ಕಚೇರಿಯ ಬಾಗಿಲಿಗೆ ಮುಟ್ಟಿಸುವುದೇ ಶಾಸಕಧರ್ಮವಾಯಿತು. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಗಳ ಕಾರ್ಯಪಡೆಗಳೂ ಆಶಾ ಕಾರ್ಯಕರ್ತೆಯರೂ, ಭಟ್ಕಳದಲ್ಲಿ 1912ರಷ್ಟು ಹಳೆಯದಾದ ತಂಜೀಮ್ ಸಂಸ್ಥೆಯೂ ಆ ಭಾರದ ಬಹುಪಾಲನ್ನು ಹೊತ್ತವು ಎಂಬುದನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯಬೇಕು.

2021ರ ಎರಡನೆಯ ಅಲೆಯಲ್ಲಿ ಅಹವಾಲು ಅಕ್ಕಿಯಿಂದ ಆಮ್ಲಜನಕಕ್ಕೆ ತಿರುಗಿತು. ಮೇ ತಿಂಗಳ ಮಧ್ಯದಲ್ಲಿ ತೌಕ್ತೆ ಚಂಡಮಾರುತವು ಇದೇ ತೀರವನ್ನು ಬಡಿದು, ರೋಗದ ಭಯದಲ್ಲಿ ಮನೆಯೊಳಗಿದ್ದವರಿಗೆ ಮನೆಯನ್ನೇ ಬಿಡಬೇಕಾದ ಭಯವನ್ನೂ ಒಡ್ಡಿತು. ಹಾಸಿಗೆಗಾಗಿ ಫೋನಿನ ಮೇಲೆ ಫೋನು ಮಾಡುವ ಶಾಸಕನ ಆಪ್ತಸಹಾಯಕನಿಗೂ ಗೋಕರ್ಣದ ರೋಗಿಯ ಬಂಧುವಿಗೂ ಆಗ ಎದುರಾದ ಸತ್ಯ ಒಂದೇ: ತೀವ್ರ ಚಿಕಿತ್ಸೆ ಬೇಕಾದವನು ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವೆಗೆ ಹೋಗಬೇಕು, ಮಣಿಪಾಲವೇ ಗೋಕರ್ಣದಿಂದ 150 ಕಿಲೋಮೀಟರಿಗೂ ಹೆಚ್ಚು ದೂರ.

ಜಿಲ್ಲೆಗೊಂದು ಸುಸಜ್ಜಿತ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕೆಂದು ಜನರು ದೊಡ್ಡ ದನಿಯಲ್ಲಿ ಕೇಳಿದುದು 2019ರಲ್ಲಿ, ಮಾರಿ ಬರುವುದಕ್ಕೆ ಮೊದಲೇ. 2022ರಲ್ಲಿ ಶಿರೂರಿನ ಟೋಲ್ ಬಳಿ ಹೊನ್ನಾವರದ ರೋಗಿಯನ್ನು ಹೊತ್ತ ಆಂಬುಲೆನ್ಸ್ ಅಪಘಾತಕ್ಕೀಡಾದ ಮೇಲೆ ಅದೇ ದನಿ ಮತ್ತೆ ಎದ್ದಿತು. ಮಾರಿಯ ಕಾಲದಲ್ಲಿ ಕಿಟ್ ಹಂಚಿದುದೂ, ಕರೆಗೆ ಓಗೊಟ್ಟುದೂ ಪುಣ್ಯಕಾರ್ಯಗಳೇ ಸರಿ. ಆದರೆ ಶಾಸಕನಿಗೆ ನಿಜವಾದ ಅಧಿಕಾರವಿರುವುದು ವಿಧಾನಸಭೆಯ ಆಯವ್ಯಯದ ಚರ್ಚೆಯಲ್ಲಿ, ಮಾರಿಯಿಲ್ಲದ ವರ್ಷಗಳಲ್ಲಿ. ಆದುದರಿಂದ ಮತ ಕೇಳಿ ಅಂಗಳಕ್ಕೆ ಬರುವ ಪ್ರತಿಯೊಬ್ಬ ಅಭ್ಯರ್ಥಿಯನ್ನು, ಪಕ್ಷಭೇದವಿಲ್ಲದೆ, ಆಸ್ಪತ್ರೆಯ ಕುರಿತೇ ಮೊದಲು ಪ್ರಶ್ನಿಸಬೇಕೆಂದು ಈ ಕರಾವಳಿಯ ಮತದಾರರಲ್ಲಿ ನನ್ನ ವಿಜ್ಞಾಪನೆ.